ಯಂತ್ರಶಿಲ್ಪಿಗಳ ಚರಿತ್ರೆಯೂ ಹಿಮ್ಮೇಳವೂ

ನಮ್ಮ ಭಾಷೆಯಲ್ಲಿ ಮಹನೀಯರ ಜೀವನಚರಿತ್ರೆಗಳಿಗೆ ಕೊರತೆಯಿಲ್ಲ. ಅವುಗಳಲ್ಲಿಯೂ ಅಣೆಕಟ್ಟು ಕಟ್ಟಿದವರು, ಕಾರಖಾನೆ ಸ್ಥಾಪಿಸಿದವರು, ಯಂತ್ರ ನಿರ್ಮಿಸಿದವರು ಇವರನ್ನು ಕುರಿತ ಪಾಠಗಳೂ ಪುಸ್ತಿಕೆಗಳೂ ಭಾಷಣಗಳೂ ನಮ್ಮ ಶಾಲೆಗಳಿಗೆ ಚಿರಪರಿಚಿತವಾಗಿವೆ. ಸಪ್ಟೆಂಬರ 15 ಬಂದಿತೆಂದರೆ ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಮಾಲೆ ಬೀಳುತ್ತದೆ. ಬಾಯಿಪಾಠ ಮಾಡಿದ ಭಾಷಣವನ್ನು ಒಬ್ಬ ಹುಡುಗ ಉಸಿರು ಬಿಡದೆ ಒಪ್ಪಿಸುತ್ತಾನೆ. ಈ ಚರಿತ್ರೆಗಳನ್ನು ವರ್ಷಾನುವರ್ಷ ಕಲಿಸುತ್ತ ಬಂದಿರುವ ಪ್ರಾಥಮಿಕ ಶಿಕ್ಷಕನಾದ ನನಗೆ ಅವುಗಳ ವಿಷಯದಲ್ಲಿ ಒಂದು ತಕರಾರು ಇದೆ. ಇದು ಸಾಹಿತ್ಯದ ತಕರಾರೆಂದೇ ವಾಚಕರು ಗ್ರಹಿಸಬೇಕೆಂದು ಕೋರುತ್ತೇನೆ. ದೊಡ್ಡವರ ದೊಡ್ಡತನವನ್ನು ಅಳೆಯುವ ಧಾರ್ಷ್ಟ್ಯ ಇದರಲ್ಲಿಲ್ಲ.

ತಕರಾರು ಇಷ್ಟೆ. ಯಂತ್ರಶಿಲ್ಪವೆಂಬುದು ಹಲವರು ಕೂಡಿ ಮಾಡುವ ಕೆಲಸ. ಒಬ್ಬನು ಅಳೆಯುತ್ತಾನೆ, ಒಬ್ಬನು ನಕ್ಷೆ ಬರೆಯುತ್ತಾನೆ, ಒಬ್ಬನು ಲೆಕ್ಕ ಇಡುತ್ತಾನೆ, ಒಬ್ಬನು ಎರಕ ಹೊಯ್ಯುತ್ತಾನೆ, ಇನ್ನೊಬ್ಬನು ಆದ ಕೆಲಸವನ್ನು ತಟ್ಟಿ ಪರೀಕ್ಷಿಸುತ್ತಾನೆ. ಈ ಪಾತ್ರಗಳು ಹೇಗೆ ಹಂಚಿಕೆಯಾದವು, ಮುಂದಾಳು ಯಾವುದನ್ನು ತನ್ನ ಕೈಯಲ್ಲಿಟ್ಟುಕೊಂಡು ಯಾವುದನ್ನು ಬೇರೆಯವರಿಗೆ ಬಿಟ್ಟುಕೊಟ್ಟನು, ಕೆಳಗಿನವನು ಮೇಲಿನವನಿಗೆ ‘ಇದು ತಪ್ಪು’ ಎಂದು ಹೇಳಬಲ್ಲವನಾಗಿದ್ದನೇ ಎಂಬುದರಲ್ಲಿಯೇ ಆ ಕೆಲಸದ ನಿಜವಾದ ಕಥೆ ಇದೆ. ನಮ್ಮ ಚರಿತ್ರೆಗಳಾದರೋ ಮುಂದಾಳಿನ ಮುಖವನ್ನು ಚಿತ್ರಿಸಿ ಹಿಮ್ಮೇಳವನ್ನು ರಂಗದಿಂದಲೇ ಇಳಿಸಿಬಿಟ್ಟಿವೆ.

ಕೃಷ್ಣರಾಜಸಾಗರದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ‘ಕನ್ನಂಬಾಡಿಯ ಕಟ್ಟೆಯನ್ನು ಕಟ್ಟಿದವರು ಯಾರು?’ ಎಂದು ಪ್ರಶ್ನಪತ್ರಿಕೆಯಲ್ಲಿ ಕೇಳಿದರೆ ಒಂದೇ ಹೆಸರಿಗೆ ಒಂದು ಅಂಕ. ಕೆಲಸ ಆರಂಭವಾದುದು 1911ರಲ್ಲಿ. ಆಗ ಮೈಸೂರಿನ ಮುಖ್ಯ ಇಂಜಿನಿಯರರಾಗಿದ್ದ ವಿಶ್ವೇಶ್ವರಯ್ಯನವರು 1912ರಲ್ಲಿ ದಿವಾನರಾದರು. 1918ರಲ್ಲಿ ಆ ಪದವಿಯನ್ನೂ ಬಿಟ್ಟರು. ಕಟ್ಟೆ ಪೂರ್ಣವಾದುದು 1931ರಲ್ಲಿ. ಅಂದರೆ ಅವರು ಅಧಿಕಾರ ಬಿಟ್ಟ ಬಳಿಕವೂ ಹದಿಮೂರು ವರ್ಷ ಆ ಕಲ್ಲುಗೋಡೆ ಏರುತ್ತಲೇ ಇದ್ದಿತು. ಸಿಮೆಂಟಿನ ಬದಲು ಸುಣ್ಣಕ್ಕೆ ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿ ಗಾರೆಯಿಂದ ಸಾವಿರಾರು ಜನ ಅದನ್ನು ಕಟ್ಟಿದರು. ಯೋಜನೆಯ ದೃಷ್ಟಿ, ಹಣ ಒದಗಿಸುವ ಧೈರ್ಯ, ಹಠ ಇವು ವಿಶ್ವೇಶ್ವರಯ್ಯನವರವು ಎಂಬುದು ನಿರ್ವಿವಾದ. ಆದರೆ ಆ ಹದಿಮೂರು ವರ್ಷಗಳ ಕಥೆ ನಮ್ಮ ಪಾಠದಲ್ಲಿ ಎಲ್ಲಿ? ಗಾರೆಯ ಹದ ನೋಡಿದವರು, ಕಲ್ಲು ಆಯ್ದವರು, ಮುಂದಿನ ಇಂಜಿನಿಯರರು ಎಲ್ಲಿ? ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಯೂ ಕೆಡದೆ ನಿಂತ ಕೆಲಸವೆಂಬುದೇ ಅದನ್ನು ಆರಂಭಿಸಿದವರಿಗೆ ಸಲ್ಲಬೇಕಾದ ಅತ್ಯಂತ ದೊಡ್ಡ ಪ್ರಶಂಸೆ. ಪಾಠಕಾರರು ಅದನ್ನು ಹೇಳುವುದಿಲ್ಲ. ಅವರು ಹೇಳುವುದು ಎರಡು ಮೇಣದಬತ್ತಿಗಳ ಕಥೆ, ರೈಲಿನ ಸದ್ದು ಕೇಳಿ ಹಳಿಯ ಬಿರುಕನ್ನು ಅರಿತ ಕಥೆ. ನಿಜವೋ ಕಟ್ಟುಕಥೆಯೋ, ಅದು ಹಾಗಿರಲಿ. ಈ ಎರಡರಲ್ಲಿಯೂ ಅವರು ಒಬ್ಬರೇ ಇದ್ದಾರೆಂಬುದನ್ನು ಗಮನಿಸಿರಿ. ಜೀವಮಾನವೆಲ್ಲ ನೂರಾರು ಜನರನ್ನು ಕೂಡಿಸಿಕೊಂಡು ದುಡಿದ ಪುರುಷನನ್ನು ನಾವು ಏಕಾಂಗಿಯನ್ನಾಗಿ ಮಾಡಿ ಮಕ್ಕಳಿಗೆ ಒಪ್ಪಿಸಿದ್ದೇವೆ.

ಸ್ತುತಿಚರಿತ್ರೆಯನ್ನು ಬಿಟ್ಟು ಸೃಜನಸಾಹಿತ್ಯದ ಕಡೆಗೆ ತಿರುಗಿದರೆ ಅಲ್ಲಿ ಇನ್ನೊಂದು ಬಗೆಯ ಏಕಾಂಗಿಯನ್ನು ಕಾಣುತ್ತೇವೆ. ಯಶವಂತ ಚಿತ್ತಾಲರ ‘ಶಿಕಾರಿ’ 1979ರಲ್ಲಿ ಹೊರಬಂದಿತು. ಚಿತ್ತಾಲರು ಸ್ವತಃ ಪ್ಲಾಸ್ಟಿಕ್ ತಂತ್ರಜ್ಞಾನದಲ್ಲಿ ನುರಿತವರು, ಮುಂಬಯಿಯ ಉದ್ಯಮಲೋಕವನ್ನು ಒಳಗಿನಿಂದ ಕಂಡವರು. ಅವರ ನಾಗಪ್ಪನು ಕಂಪನಿಯ ಅಧಿಕಾರಿ. ಏನೆಂದು ಸ್ಪಷ್ಟವಾಗಿ ತಿಳಿಯದ ಆಪಾದನೆಯ ಮೇಲೆ ಅಮಾನತ್ತಿಗೆ ಒಳಗಾಗಿ, ತನ್ನನ್ನು ಬೇಟೆಯಾಡುತ್ತಿರುವವರು ಯಾರೆಂದು ಹುಡುಕುತ್ತ ಬೇಯುತ್ತಾನೆ. ಕಚೇರಿಯೊಳಗಿನ ಭಯ, ಸಂಶಯ, ಮೇಲೇರುವವರ ಸಂಚು ಇವನ್ನು ಇಷ್ಟು ಆಳವಾಗಿ ತೋರಿಸಿದ ಕಾದಂಬರಿ ಕನ್ನಡದಲ್ಲಿ ಮತ್ತೊಂದಿಲ್ಲವೆಂದೇ ನನ್ನ ಅಭಿಪ್ರಾಯ. ಆದರೆ ಅಲ್ಲಿ ಕೆಲಸವು ಹಿನ್ನೆಲೆಗೆ ಸರಿದು ಅಧಿಕಾರವೇ ಮುಂದೆ ಬರುತ್ತದೆ. ಸಂಸ್ಥೆ ಬೇಟೆಗಾರ, ಮನುಷ್ಯ ಮಿಗ. ಇನ್ನು ನಾ. ಡಿಸೋಜರ ‘ದ್ವೀಪ’. ಶರಾವತಿ ಯೋಜನೆಯ ಸಮಯದಲ್ಲಿ ಲೋಕೋಪಯೋಗಿ ಇಲಾಖೆಯಲ್ಲಿಯೇ ನೌಕರಿ ಮಾಡಿದ ಆ ಲೇಖಕರು, ಏರುತ್ತಿರುವ ನೀರಿನ ನಡುವೆ ಉಳಿದ ಸಂಸಾರದ ಕಣ್ಣಿನಿಂದ ಅಣೆಕಟ್ಟನ್ನು ನೋಡಿದ್ದಾರೆ. ಅದು ಬರೆಯಲೇಬೇಕಾಗಿದ್ದ ಕಥೆ. ಆದರೂ ನೀರು ಏರುವುದು ಕಾಣಿಸುತ್ತದೆ, ಅದನ್ನು ತಡೆದು ನಿಲ್ಲಿಸಿದ ಕೈಗಳು ಕಾಣಿಸುವುದಿಲ್ಲ.

ಹೀಗೆ ಕನ್ನಡದಲ್ಲಿ ಒಂದು ತುದಿಗೆ ಪೂಜೆಗೊಂಡ ಇಂಜಿನಿಯರ, ಇನ್ನೊಂದು ತುದಿಗೆ ಬೇಟೆಗೆ ಸಿಕ್ಕ ನೌಕರ ಅಥವಾ ನೆಲೆ ಕಳೆದುಕೊಂಡ ಒಕ್ಕಲಿಗ. ನಡುವಿನ ಜಾಗ ಬರಿದು. ಹತ್ತು ಜನ ಬೆಳಿಗ್ಗೆ ಎಂಟಕ್ಕೆ ಕೂಡಿ, ಜಗಳಾಡಿ, ಒಪ್ಪಿ, ಸಂಜೆಗೆ ಒಂದು ವಸ್ತುವನ್ನು ಸಿದ್ಧಪಡಿಸುವ ಆ ಸಾಧಾರಣ ಅದ್ಭುತಕ್ಕೆ ನಮ್ಮ ಗದ್ಯದಲ್ಲಿ ಇನ್ನೂ ಸ್ಥಳ ದೊರೆತಿಲ್ಲ.

ಇದಕ್ಕೆ ಸಾಮಗ್ರಿ ಇಲ್ಲವೆಂದು ಯಾರೂ ಹೇಳಲಾರರು. ಸಾಂಗಲಿಯಿಂದ ರೈಲು ಹತ್ತಿದರೆ ಸ್ವಲ್ಪ ಹೊತ್ತಿನಲ್ಲಿ ಕಿರ್ಲೋಸ್ಕರವಾಡಿ ಬರುತ್ತದೆ. ಈ ಊರಿನ ಕಥೆಯನ್ನು ಮರಾಠಿಯವರು ತಮ್ಮದೆಂದು ಹೇಳಿಕೊಳ್ಳುತ್ತಾರೆ, ಅದು ಸರಿಯಾದುದೇ. ಆದರೆ ಅದರ ಬೇರು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿದೆ. ಲಕ್ಷ್ಮಣರಾವ ಕಿರ್ಲೋಸ್ಕರರು 1869ರಲ್ಲಿ ಅಲ್ಲಿ ಹುಟ್ಟಿದರು. ಚಿತ್ರಕಲೆ ಕಲಿಯಲು ಮುಂಬಯಿಗೆ ಹೋಗಿ, ಬಣ್ಣಗಳನ್ನು ಸರಿಯಾಗಿ ಗುರುತಿಸಲು ಕಣ್ಣು ಒಪ್ಪದೆ, ಯಂತ್ರಗಳ ನಕ್ಷೆ ಬರೆಯುವ ವಿದ್ಯೆಗೆ ತಿರುಗಿದರು. ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಶಿಕ್ಷಕರಾದರು. ತಮಗೆ ಬರಬೇಕಾಗಿದ್ದ ಬಡತಿ ಒಬ್ಬ ಆಂಗ್ಲೋ-ಇಂಡಿಯನ್ನನ ಪಾಲಾದಾಗ ಆ ನೌಕರಿಯನ್ನು ಬಿಟ್ಟು ಬೆಳಗಾವಿಗೆ ಬಂದರು. ಸೈಕಲ್ಲಿನ ಅಂಗಡಿ, ಬಳಿಕ ಕಣಿಕೆ ಕತ್ತರಿಸುವ ಯಂತ್ರ, ಬಳಿಕ ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರೀತೆಂದು ರೈತರು ಹೆದರಿದುದರಿಂದ ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಬೆಳಗಾವಿಯಲ್ಲಿ ಕಾರಖಾನೆಯ ಜಾಗ ಬಿಡಬೇಕೆಂದು ನಗರಸಭೆಯ ಆಜ್ಞೆಯಾದಾಗ ಔಂಧ ಸಂಸ್ಥಾನದ ಅರಸರಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರು ಕುಂಡಲ ರೋಡ ಸ್ಟೇಶನ್ನಿನ ಹತ್ತಿರ 32 ಎಕರೆ ಬರಡು ನೆಲವನ್ನೂ 10,000 ರೂಪಾಯಿ ಸಾಲವನ್ನೂ ಕೊಟ್ಟರು. ಪಾಪಾಸುಕಳ್ಳಿ ಬೆಳೆದ, ಹಾವುಗಳು ತುಂಬಿದ ಆ ನೆಲಕ್ಕೆ 1910ರ ಮಾರ್ಚಿಯಲ್ಲಿ ಅವರು ಬಂದರು.

ಇಲ್ಲಿಯ ವರೆಗೆ ಇದು ಪಾಠದ ಮಾದರಿಯ ಕಥೆಯೇ. ಬಡತನ, ಅಪಮಾನ, ಹಠ, ಗೆಲುವು. ಆದರೆ ಕಿರ್ಲೋಸ್ಕರವಾಡಿಗೆ ಲಕ್ಷ್ಮಣರಾಯರು ಒಬ್ಬರೇ ಬರಲಿಲ್ಲ. ಅವರೊಡನೆ 25 ಮಂದಿ ಕೆಲಸಗಾರರು ತಂತಮ್ಮ ಸಂಸಾರ ಕಟ್ಟಿಕೊಂಡು ಬಂದರು. ಅಣ್ಣ ರಾಮುಅಣ್ಣನವರು ಊರಿನ ಯೋಜನೆ ಮತ್ತು ಆಡಳಿತವನ್ನು ನೋಡಿದರು. ಶಂಭುರಾವ ಜಾಂಭೇಕರರು ಇಂಜಿನಿಯರರಾದರು. ಕೆ. ಕೆ. ಕುಲಕರ್ಣಿಯವರು ವ್ಯವಸ್ಥಾಪಕರು, ಬಂದ ತೊಡಕನ್ನೆಲ್ಲ ಬಿಡಿಸುವ ಆಸಾಮಿ. ಮಂಗೇಶರಾವ ರೇಗೆಯವರು ಲೆಕ್ಕಪತ್ರ ಹಿಡಿದರು. ಅನಂತರಾವ ಫಳಣೀಕರರಲ್ಲಿ ಪದವಿಗಿಂತ ಕಲ್ಪನೆಯೂ ಜನರನ್ನು ಅರಿಯುವ ಬುದ್ಧಿಯೂ ಹೆಚ್ಚಾಗಿದ್ದವು. ಇನ್ನು ತುಕಾರಾಮ ರಾಮೋಶಿ, ಪಿರ್ಯಾ ಮಾಂಗ ಎಂಬಿಬ್ಬರು. ಶಿಕ್ಷೆಯಾದ ಅಪರಾಧಿಗಳಾಗಿದ್ದ ಇವರಿಗೆ ಲಕ್ಷ್ಮಣರಾಯರು ವಹಿಸಿದ ಕೆಲಸ ಯಾವುದು? ಇಡಿಯ ಊರಿನ ಪಹರೆ! ಅವರು ನಂಬಿಗಸ್ತ ಕಾವಲುಗಾರರಾಗಿ ನಿಂತರು.

ಈ ಒಂದು ಸಂಗತಿಯಲ್ಲಿ ಒಂದು ಕಾದಂಬರಿಯೇ ಅಡಗಿದೆ. ತನಗೆ ನ್ಯಾಯವಾಗಿ ಬರಬೇಕಾಗಿದ್ದ ಸ್ಥಾನವನ್ನು ಹುಟ್ಟಿನ ಕಾರಣದಿಂದ ಕಳೆದುಕೊಂಡ ಮನುಷ್ಯನು, ತಾನು ಸ್ಥಾನ ಹಂಚುವ ಸಮಯ ಬಂದಾಗ ಹುಟ್ಟನ್ನೂ ಪದವಿಪತ್ರವನ್ನೂ ಬದಿಗಿಟ್ಟು ಮನುಷ್ಯನ ಕೈಗುಣವನ್ನು ನೋಡುತ್ತಾನೆ. ಮುಂಬಯಿಯ ಆ ಅಪಮಾನಕ್ಕೂ ವಾಡಿಯ ಈ ಪಹರೆಗೂ ಇರುವ ಸಂಬಂಧವನ್ನು ಗುರುತಿಸುವುದು ಚರಿತ್ರಕಾರನ ಕೆಲಸ. ಹೆಚ್ಚಿನವರು ಎರಡನ್ನೂ ಬೇರೆ ಬೇರೆ ಪುಟಗಳಲ್ಲಿ ಹೇಳಿ ಮುಂದೆ ಸಾಗುತ್ತಾರೆ.

ಹಾಗೆಂದು ಕಿರ್ಲೋಸ್ಕರವಾಡಿಯನ್ನು ರಾಮರಾಜ್ಯವೆಂದು ಬರೆಯುವುದೂ ವಿಮರ್ಶೆಯಾಗದು. ನೆಲ ಒಡೆಯನದು, ಮನೆ ಒಡೆಯನದು, ಕೂಲಿ ಒಡೆಯನದು. 1920ರಲ್ಲಿ ಶಂಕರರಾವ ಕಿರ್ಲೋಸ್ಕರರು ‘ಕಿರ್ಲೋಸ್ಕರ ಖಬರ್’ ಎಂಬ ಪತ್ರಿಕೆಯನ್ನು ಆರಂಭಿಸಿದರು, ಅದೂ ಮನೆಯದೇ. ಕಾರಖಾನೆಯ ಸುದ್ದಿಯನ್ನು ಹೇಳಲು ಹುಟ್ಟಿದ ಅದು ಬೆಳೆದು ಮರಾಠಿಯ ಪ್ರತಿಷ್ಠಿತ ಮಾಸಿಕವಾಯಿತು. ಅದರ ಬೆನ್ನಿಗೆ 1930ರಲ್ಲಿ ‘ಸ್ತ್ರೀ’, 1934ರಲ್ಲಿ ‘ಮನೋಹರ’ ಬಂದವು. ಎರಕದ ಮನೆಯ ಪಕ್ಕದಲ್ಲಿ ಸಾಹಿತ್ಯಪತ್ರಿಕೆ ನಡೆದ ಊರು ಇಂಡಿಯಾ ದೇಶದಲ್ಲಿ ಎಷ್ಟಿದ್ದಾವು! (ಕಲ್ಲಚ್ಚಿಗೂ ಗತಿಯಿಲ್ಲದೆ ಸೈಕ್ಲೋಸ್ಟೈಲಿನ ಮಸಿಯಲ್ಲಿ ಕೈ ಅದ್ದುವ ನಮ್ಮಂಥವರಿಗೆ ಹೊಟ್ಟೆಕಿಚ್ಚಾಗುವುದು ಸಹಜ.) ಇಷ್ಟೆಲ್ಲ ಕೊಟ್ಟ ತಂದೆಯಂಥ ಯಜಮಾನನಿಗೆ ಒಬ್ಬ ಎರಕದವನು ಎದುರು ನಿಂತು ‘ಸಾಹೇಬರೇ, ನಿಮ್ಮ ಈ ಲೆಕ್ಕ ತಪ್ಪು’ ಎಂದು ಹೇಳಬಲ್ಲನೇ? ತಂದೆತನದ ಮುಂದಾಳುತನದಲ್ಲಿ ಪ್ರೀತಿ ಉಂಟು, ರಕ್ಷಣೆ ಉಂಟು; ಮಗನು ಮಾತಾಡುವ ಹಕ್ಕು ಮಾತ್ರ ತಂದೆಯ ಮನಸ್ಸಿನ ಮೇಲೆ ನಿಂತಿರುತ್ತದೆ.

1948ರಲ್ಲಿ ಗಾಂಧೀಜಿಯವರ ಕೊಲೆಯಾದ ಬಳಿಕ ದಕ್ಷಿಣ ಮಹಾರಾಷ್ಟ್ರದಲ್ಲಿ ಬ್ರಾಹ್ಮಣರ ಮನೆ ಮತ್ತು ಉದ್ಯಮಗಳಿಗೆ ಬೆಂಕಿ ಬಿದ್ದಾಗ ಕಿರ್ಲೋಸ್ಕರವಾಡಿಯ ಕಾರಖಾನೆಯೂ ಸುಟ್ಟಿತು. ಸ್ತುತಿಚರಿತ್ರೆ ಇದನ್ನು ಹೊರಗಿನಿಂದ ಎರಗಿದ ದುರ್ದೈವವೆಂದು ಹೇಳಿ ಮುಗಿಸಬಹುದು. ಓದುಗನು ಕೇಳುವುದು ಬೇರೆ: ಗೇಟಿನ ಒಳಗಿದ್ದ ದುಡಿಯುವವನು ಮತ್ತು ಗೇಟಿನ ಹೊರಗಿದ್ದ ಹಳ್ಳಿಗ, ಇವರಿಬ್ಬರೂ ಒಂದೇ ನೆಲದವರು; ಆ ದಿನ ಒಳಗಿನವನ ಮನಸ್ಸಿನಲ್ಲಿ ಏನು ನಡೆಯಿತು? ಮುಂದಾಳಿನ ಮುಖವೊಂದನ್ನೇ ಬರೆದ ಚರಿತ್ರೆ ಈ ಪ್ರಶ್ನೆಗೆ ಉತ್ತರ ಕೊಡಲಾರದು. ಕಾರಖಾನೆ ಮತ್ತೆ ಎದ್ದಿತು. ಕೂಲಿಗಾರರ ಕೈಗಳಿಲ್ಲದೆ ಅದು ಏಳುವುದು ಶಕ್ಯವಿರಲಿಲ್ಲ.

ಮುಂದಾಳು ಮತ್ತು ತಂಡದ ಸಂಬಂಧವನ್ನು ಅಳೆಯಲು ನಮ್ಮಲ್ಲಿಯೇ ಒಂದು ಒಳ್ಳೆಯ ಅಳತೆಗೋಲು ಇದೆ, ಅದು ರಂಗಭೂಮಿಯದು. ಉತ್ತರ ಕನ್ನಡದ ಕರ್ಕಿಯ ಕಡೆಯಿಂದ ಬಂದ ಭಾಗವತರ ಮೇಳದ ಆಟವನ್ನು ನೋಡಿ ಮೆಚ್ಚಿದ ಸಾಂಗಲಿಯ ಅರಸರು ಅಂಥದೇ ಒಂದನ್ನು ಮರಾಠಿಯಲ್ಲಿ ರಚಿಸಲು ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ ‘ಸೀತಾಸ್ವಯಂವರ’ ಆಡಲ್ಪಟ್ಟಿತು. ಮರಾಠಿ ರಂಗಭೂಮಿಯ ಉಗಮವೆಂದು ಸಾಂಗಲಿ ಇಂದಿಗೂ ಹೆಮ್ಮೆಪಡುವುದು ಈ ಆಟದಿಂದಲೇ. ಆ ಆಟದಲ್ಲಿ ಸೂತ್ರಧಾರನೇ ಎಲ್ಲ. ಪದ್ಯಗಳನ್ನೆಲ್ಲ ಅವನೇ ಹಾಡುವನು. ಪಾತ್ರಧಾರಿಗಳು ಅವನು ಹಾಡಿದುದರ ಅರ್ಥವನ್ನು ಆಗಿಂದಾಗ್ಗೆ ಮಾತಿನಲ್ಲಿ ಹೇಳುವರು. ಮುಂದೆ 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ ಬಂದಿತು. ಬರೆದವರು ಅಣ್ಣಾಸಾಹೇಬ ಕಿರ್ಲೋಸ್ಕರರು, ಅದೇ ಗುರ್ಲಹೊಸೂರಿನಲ್ಲಿ 1843ರಲ್ಲಿಯೇ ಹುಟ್ಟಿದವರು. ಅವರು ಮಾಡಿದ ಮುಖ್ಯ ಬದಲಾವಣೆ ಕೇಳಲು ಸಣ್ಣದು: ಪಾತ್ರಗಳು ತಮ್ಮ ತಮ್ಮ ಪದಗಳನ್ನು ತಾವೇ ಹಾಡಿದವು. ಶಕುಂತಲೆಯ ದುಃಖವನ್ನು ಶಕುಂತಲೆಯೇ ಹಾಡಬೇಕು. ಸೂತ್ರಧಾರ ಇಲ್ಲವಾಗಲಿಲ್ಲ, ನಾಟಕವನ್ನು ಕಟ್ಟಿಕೊಟ್ಟು ಬದಿಗೆ ಸರಿದನು.

ಎಲ್ಲವನ್ನೂ ತಾನೇ ಹಾಡುವ ಸೂತ್ರಧಾರ, ಪ್ರತಿಯೊಬ್ಬನೂ ತನ್ನ ಪದವನ್ನು ತಾನು ಹಾಡುವಂತೆ ಕಟ್ಟಿಕೊಡುವ ಸೂತ್ರಧಾರ: ಕಾರಖಾನೆಗಳ ಮುಂದಾಳುಗಳೂ ಈ ಎರಡು ಬಗೆಯವರೇ. ನನ್ನ ಎಣಿಕೆಯಲ್ಲಿ ಲಕ್ಷ್ಮಣರಾಯರು ಈ ಎರಡರ ನಡುವಿನ ಹಾದಿಯಲ್ಲಿದ್ದರು. ಅವರನ್ನು ಕುರಿತು ಬರೆದವರು ಮಾತ್ರ ಇನ್ನೂ 1843ರಲ್ಲಿಯೇ ನಿಂತಿದ್ದಾರೆ.

ಇದು ಬರಿಯ ಅಲಂಕಾರದ ಮಾತಲ್ಲ. ಪಾತ್ರಕ್ಕೆ ತನ್ನದೇ ಆದ ದನಿ ಇರುವುದೂ ಇಲ್ಲದಿರುವುದೂ ಪ್ರಾಣದ ಪ್ರಶ್ನೆಯಾಗಬಲ್ಲುದು. ಮಿರಜದವರಿಗೆ ಇದನ್ನು ತಿಳಿಯಹೇಳುವ ಅಗತ್ಯವಿಲ್ಲ. ವಿಲಿಯಮ್ ವಾನ್ಲೆಸ್ ಅವರು 1894ರಲ್ಲಿ ಆಸ್ಪತ್ರೆ ಸ್ಥಾಪಿಸಿದಂದಿನಿಂದ ಶಸ್ತ್ರಚಿಕಿತ್ಸೆಯ ಊರೆಂದೇ ಇದು ಹೆಸರಾಗಿದೆ. ಶಸ್ತ್ರಕ್ರಿಯೆಯ ಕೋಣೆಯಲ್ಲಿ ಕೊಯ್ಯುವವರು ಡಾಕ್ಟರರು. ಆದರೆ ಹೊಟ್ಟೆಯನ್ನು ಹೊಲಿಯುವ ಮೊದಲು ಬಟ್ಟೆಯ ತುಂಡುಗಳನ್ನೂ ಸೂಜಿಗಳನ್ನೂ ಎಣಿಸುವವಳು ದಾದಿ. ಎಣಿಕೆ ಕೂಡದಿದ್ದರೆ ಎಂಥ ದೊಡ್ಡ ಡಾಕ್ಟರರಾದರೂ ಕೈ ತಡೆಯಬೇಕು. ಅಲ್ಲಿ ಅವಳ ಮಾತಿಗೆ ಬರುವ ಬಲ ಅವಳ ಪಗಾರದಿಂದ ಬಂದುದಲ್ಲ, ಅವಳ ಪಾತ್ರದಿಂದ ಬಂದುದು. ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಶಸ್ತ್ರಕ್ರಿಯೆಗಾಗಿ ಒಂದು ತಪಾಸಣೆಯ ಪಟ್ಟಿಯನ್ನು ಪ್ರಕಟಿಸಿತು. ಚರ್ಮಕ್ಕೆ ಚೂರಿ ತಾಗುವ ಮೊದಲು ಕೋಣೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರನ್ನೂ ತಮ್ಮ ಕೆಲಸವನ್ನೂ ಬಾಯಿಬಿಟ್ಟು ಹೇಳಬೇಕೆಂಬುದು ಅದರಲ್ಲಿಯ ಒಂದು ನಿಯಮ. ಹೆಸರು ಹೇಳಿದವನು ಮುಂದೆ ತಪ್ಪು ಕಂಡಾಗಲೂ ಬಾಯಿಬಿಡುವನೆಂಬ ನಂಬಿಕೆಯಿಂದಲೇ ಈ ನಿಯಮ ಬಂದುದು.

ಅಮೇರಿಕೆಯ ಫ್ರೆಡ್ ಬ್ರೂಕ್ಸ್ ಎಂಬ ಇಂಜಿನಿಯರರು 1960ರ ದಶಕದಲ್ಲಿ ಐಬಿಎಂ ಕಂಪನಿಯ ಗಣಕಯಂತ್ರಗಳಿಗಾಗಿ ನೂರಾರು ಜನ ಕೂಡಿ ಬರೆದ ಒಂದು ಭಾರಿ ತಂತ್ರಾಂಶದ ಮೇಲ್ವಿಚಾರಣೆ ನೋಡಿದರು. ಆ ಅನುಭವದ ಮೇಲೆ 1975ರಲ್ಲಿ ಅವರು ಪ್ರಕಟಿಸಿದ ‘ದಿ ಮಿಥಿಕಲ್ ಮ್ಯಾನ್-ಮಂಥ್’ ಎಂಬ ಪುಸ್ತಕದಲ್ಲಿ ಇದೇ ಶಸ್ತ್ರಕ್ರಿಯೆಯ ತಂಡದ ಮಾದರಿಯನ್ನು ಎತ್ತಿ ಹೇಳಿದ್ದಾರೆ: ಒಬ್ಬ ಮುಖ್ಯನು, ಅವನ ಜೊತೆಗಾರ, ಉಪಕರಣ ಮಾಡಿಕೊಡುವವನು, ಪರೀಕ್ಷಿಸುವವನು, ಬರೆದಿಡುವವನು. ತಡವಾದ ಕೆಲಸಕ್ಕೆ ಜನರನ್ನು ಸುಮ್ಮನೆ ಕೂಡಿಸಿದರೆ ಅದು ಇನ್ನಷ್ಟು ತಡವಾಗುತ್ತದೆಂಬುದೂ ಅವರು ಕಂಡುಕೊಂಡ ಸತ್ಯ. ಇಂದು ನಮ್ಮ ಜತ್ತ ತಾಲೂಕಿನ ಹುಡುಗರು ಪುಣೆ, ಬೆಂಗಳೂರುಗಳಿಗೆ ಹೋಗಿ ಸೇರುವುದು ಇಂಥ ತಂಡಗಳನ್ನೇ.

ದನಿ ಅಡಗಿದರೆ ಏನಾಗುವುದೆಂಬುದಕ್ಕೆ 1986ರ ಜನವರಿ 28ರ ದಾರುಣ ಘಟನೆ ಸಾಕ್ಷಿ. ಹಿಂದಿನ ರಾತ್ರಿ ಚಳಿ ಬಹಳ. ಚಾಲೆಂಜರ್ ಎಂಬ ಬಾಹ್ಯಾಕಾಶ ವಾಹನದ ರಾಕೆಟ್ಟಿನ ಸಂದುಗಳನ್ನು ಮುಚ್ಚುವ ರಬ್ಬರಿನ ಬಳೆಗಳು ಆ ಚಳಿಗೆ ಬಿರುಸಾಗಿ ಕೆಲಸ ಮಾಡಲಾರವೆಂದು ಅವುಗಳನ್ನು ಅರಿತ ರೋಜರ್ ಬೋಯ್ಸ್‌ಜೋಲಿ ಮೊದಲಾದ ಇಂಜಿನಿಯರರು ದೂರವಾಣಿಯ ಸಭೆಯಲ್ಲಿ ವಿರೋಧಿಸಿದರು. ಅವರ ಕಂಪನಿಯ ವ್ಯವಸ್ಥಾಪಕರು ಮೊದಲು ಒಪ್ಪಿ, ಒತ್ತಡ ಬಂದಾಗ ಇಂಜಿನಿಯರರ ಮಾತನ್ನು ಬದಿಗಿಟ್ಟು ಅನುಮತಿ ಕೊಟ್ಟರು. ಮರುದಿನ ಹಾರಿದ 73 ಸೆಕೆಂಡುಗಳಲ್ಲಿ ವಾಹನ ಒಡೆದು ಏಳು ಜನ ಸತ್ತರು. ಅವರಲ್ಲಿ ಒಬ್ಬಳು ಶಾಲೆಯ ಶಿಕ್ಷಕಿ. ಇಂಜಿನಿಯರನ ಪಾತ್ರ ಅಲ್ಲಿ ಇದ್ದಿತು, ಅವನು ಮಾತನ್ನೂ ಆಡಿದನು. ಆ ಮಾತಿಗೆ ದಾದಿಯ ಎಣಿಕೆಗಿರುವ ಬಲ ಇರಲಿಲ್ಲ, ಅಷ್ಟೆ.

ಶಿಕ್ಷಕ ಬಂಧುಗಳು ಕೇಳಬಹುದು: ಇವೆಲ್ಲ ದೊಡ್ಡ ದೇಶಗಳ ಮಾತು, ಪ್ರಾಥಮಿಕ ಶಾಲೆಯ ಪಾಠಕ್ಕೂ ಇದಕ್ಕೂ ಏನು ಸಂಬಂಧ? ಸಂಬಂಧವಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಈ ಭಾಗದ ಒಂದು ಎರಕದ ಕಾರಖಾನೆಯಲ್ಲಿ ದುಡಿಯುತ್ತಾನೆ. ಪಂಪಿನ ಕವಚಗಳನ್ನು ಎರೆಯುವಾಗ ಅಚ್ಚಿನೊಳಗೆ ಇಡುವ ಮರಳಿನ ಕೋರು ಒಂದು ಬದಿಗೆ ಸರಿದಿದ್ದುದನ್ನು ಅವನು ಕಂಡನಂತೆ. ಕೋರು ಸರಿದರೆ ಕವಚದ ಗೋಡೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಅವನು ಹೇಳಲಿಲ್ಲ. ಆ ದಿನದ ಎರಕವೆಲ್ಲ ತಿರಸ್ಕೃತವಾಯಿತು. ‘ಯಾಕಪ್ಪಾ ಹೇಳಲಿಲ್ಲ?’ ಎಂದು ಕೇಳಿದರೆ, ‘ಗುರುಗಳೇ, ಅದು ಫೋರಮನ್ನರ ಕೆಲಸ. ನಾನು ಹೇಳಿದರೆ ಅಧಿಕಪ್ರಸಂಗ ಆಗ್ತದ. ಮ್ಯಾಲೆ ನನ್ನ ಮರಾಠಿ ಕೇಳಿ ನಗತಾರ’ ಎಂದನು.

ಅವನ ಉತ್ತರದ ಎರಡನೆಯ ಅರ್ಧ ಗಡಿನಾಡಿನ ಹಳೆಯ ನೋವು; ಕನ್ನಡ ಶಾಲೆಯಲ್ಲಿ ಕಲಿತು ಮರಾಠಿ ಕಾರಖಾನೆಯಲ್ಲಿ ದುಡಿಯುವ ಎಲ್ಲರಿಗೂ ಅದು ಗೊತ್ತು. ಮೊದಲನೆಯ ಅರ್ಧವೇ ನನ್ನ ಈ ಲೇಖನಕ್ಕೆ ಸಂಬಂಧಿಸಿದುದು. ಕೆಲಸದಲ್ಲಿ ನೋಡುವ ಕಣ್ಣು ಒಬ್ಬನದೇ, ಹೇಳುವ ಬಾಯಿ ಒಬ್ಬನದೇ ಎಂದು ಅವನಿಗೆ ಯಾರು ಕಲಿಸಿದರು? ಅವನು ಓದಿದ ಯಾವ ಪಾಠದಲ್ಲಿಯಾದರೂ ಒಬ್ಬ ಕೂಲಿಗಾರನು ಒಂದು ತಪ್ಪನ್ನು ತೋರಿಸಿ, ಅದಕ್ಕೆ ಮುಂದಾಳು ಕಿವಿಗೊಟ್ಟದ್ದು ಇದ್ದಿತೇ? ಮಹಾಪುರುಷನಿಗೆ ರೈಲಿನ ಹಳಿಯ ಬಿರುಕು ಕೇಳಿಸುತ್ತದೆ. ಗ್ಯಾಂಗಿನ ಕೂಲಿಯವನಿಗೆ ಕೇಳಿಸಿದ ಕಥೆಯನ್ನು ನಾವು ಹೇಳಿಲ್ಲ. ದಿನವೂ ಹಳಿಯುದ್ದಕ್ಕೂ ನಡೆದು ಬಿರುಕು ಹುಡುಕುವುದೇ ಅವನ ವೃತ್ತಿಯಾಗಿದ್ದರೂ!

ಇದಕ್ಕೆ ಸಾಹಿತ್ಯದ ಕಡೆಯಿಂದ ಒಂದು ಆಕ್ಷೇಪ ಬರಬಹುದು. ಎಲ್ಲರನ್ನೂ ತಂದರೆ ಕಥೆ ಚದುರೀತು, ಚರಿತ್ರೆಯೆಂದರೆ ನಾಯಕನ ಚರಿತ್ರೆ, ಮಕ್ಕಳ ಮನಸ್ಸಿಗೆ ಒಂದು ಮೂರ್ತಿ ಬೇಕು ಎಂದು. ಈ ಆಕ್ಷೇಪದಲ್ಲಿ ಸತ್ಯಾಂಶವಿಲ್ಲದಿಲ್ಲ. ಇಪ್ಪತ್ತೈದು ಹೆಸರುಗಳ ಯಾದಿ ಮಾಡಿದರೆ ಅದು ಹಾಜರಿ ಪುಸ್ತಕವಾದೀತೇ ಹೊರತು ಗದ್ಯವಾಗದು. ಆದರೆ ಮನುಷ್ಯನ ಬದಲು ವಸ್ತುವನ್ನು ಹಿಂಬಾಲಿಸಿ ಬರೆಯಬಹುದಲ್ಲ? ಒಂದು ನೇಗಿಲು ಬಡಿಗನ ಕೈಯಲ್ಲಿ ಕಟ್ಟಿಗೆಯ ಮಾದರಿಯಾಗಿ, ಮರಳಿನಲ್ಲಿ ಅಚ್ಚಾಗಿ, ಕುಲುಮೆಯಿಂದ ಎರಕವಾಗಿ, ಅರದಿಂದ ನಯವಾಗಿ, ಕೊನೆಗೆ ನಂಬದ ರೈತನ ಹೊಲಕ್ಕೆ ಹೋಗುವ ವರೆಗಿನ ಪ್ರಯಾಣವನ್ನು ಬರೆದರೆ ಪ್ರತಿಯೊಂದು ಹಂತದಲ್ಲಿಯೂ ಒಬ್ಬ ಮನುಷ್ಯನು ತಾನಾಗಿಯೇ ಎದುರಾಗುತ್ತಾನೆ. ನಾಯಕನೂ ಅಲ್ಲಿ ಇರುತ್ತಾನೆ, ತಾನಿರಬೇಕಾದಷ್ಟು.

ಇದು ಕನ್ನಡಕ್ಕೆ ಹೊಸದೂ ಅಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಅಂಬಿಗರ ಚೌಡಯ್ಯನಿದ್ದಾನೆ, ಮೇದಾರ ಕೇತಯ್ಯನಿದ್ದಾನೆ, ಒಕ್ಕಲಿಗ ಮುದ್ದಣ್ಣನಿದ್ದಾನೆ; ಕಾಯಕವೇ ಅವರ ಹೆಸರಿನ ಭಾಗ. ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಹೇಳಿದವಳು ಅವನ ಹೆಂಡತಿ ಲಕ್ಕಮ್ಮ. ಅವನು ಹೋಗಿ ಸುರಿದು ಬಂದನು. ದಾದಿ ಎಣಿಕೆ ಕೂಡಲಿಲ್ಲವೆಂದಾಗ ಡಾಕ್ಟರರು ಕೈ ತಡೆದಂತೆಯೇ ಇದು. ಈ ಕಥೆಯನ್ನು ನಾವು ಭಕ್ತಿಯ ಪಾಠವೆಂದು ಕಲಿಸುತ್ತೇವೆ. ಕೆಲಸದ ಪಾಠವೆಂದು ಕಲಿಸುವುದಕ್ಕೆ ಅಡ್ಡಿಯೇನಿದೆ?

ಪಠ್ಯಪುಸ್ತಕ ಬರೆಯುವುದು ನಮ್ಮ ಕೈಯಲ್ಲಿಲ್ಲ. ನಿಬಂಧದ ವಿಷಯ ಕೊಡುವುದು ನಮ್ಮ ಕೈಯಲ್ಲಿದೆ. ‘ನಾನು ಮೆಚ್ಚಿದ ಮಹಾಪುರುಷ’ ಎಂಬುದರ ಬದಲು ‘ನಮ್ಮ ಮನೆಯವರು ಕೆಲಸ ಮಾಡುವ ಸ್ಥಳ’ ಎಂದು ನಾನು ಏಳನೆಯ ಇಯತ್ತೆಯವರಿಗೆ ಬರೆಯಲು ಹೇಳಿದೆನು. ಒಬ್ಬ ಹುಡುಗಿಯ ತಂದೆ ಎರಕದ ಮನೆಯಲ್ಲಿ ಮರಳು ಕಲಸುವವನು. ಅವಳು ಬರೆದುದು ಒಂದೂವರೆ ಪುಟ. ಅಪ್ಪನು ಮರಳನ್ನು ಮುಷ್ಟಿಯಲ್ಲಿ ಹಿಡಿದು ಉಂಡೆ ಕಟ್ಟಿ, ಅದನ್ನು ಎರಡಾಗಿ ಮುರಿದು ನೋಡುತ್ತಾನೆ. ಅಂಚು ಕಡಿದಂತೆ ಮುರಿದರೆ ಹದ ಸರಿ. ಕೈಗೆ ಮೆತ್ತಿದರೆ ನೀರು ಹೆಚ್ಚು, ಅಂಥ ಅಚ್ಚಿನಲ್ಲಿ ಎರೆದರೆ ಕಬ್ಬಿಣದೊಳಗೆ ಗಾಳಿಯ ತೂತು ಬೀಳುತ್ತವೆ. ಹದ ಸರಿಯಿಲ್ಲವೆಂದು ಅಪ್ಪನು ಹೇಳಿದರೆ ಅಚ್ಚು ಮಾಡುವ ಕಾಕಾ ಸುಮ್ಮನೆ ನಿಲ್ಲುತ್ತಾನೆ. ಕುಲುಮೆಯ ಅಜ್ಜ ಬೈಯುತ್ತಾನೆ, ಆದರೂ ನಿಲ್ಲುತ್ತಾನೆ. ಸಾಹೇಬರು ಬಂದು ತಾವೂ ಒಂದು ಉಂಡೆ ಮುರಿದು ನೋಡಿ ಹೋಗುತ್ತಾರೆ. ಒಂದೂವರೆ ಪುಟದಲ್ಲಿ ನಾಲ್ಕು ಜನ, ನಾಲ್ಕು ಕೆಲಸ, ಒಬ್ಬ ಮುಂದಾಳು. ಅಲ್ಪಪ್ರಾಣ ಮಹಾಪ್ರಾಣಗಳ ತಪ್ಪು ಹನ್ನೊಂದು ಇದ್ದವು. ಅವನ್ನು ತಿದ್ದಿ ಕೊಟ್ಟಿದ್ದೇನೆ. ಉಳಿದ ಒಂದು ಮಾತನ್ನೂ ಮುಟ್ಟಿಲ್ಲ.